ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಗೇರಣ್ಣನ ಕನ್ನಡಕದಂಗಡಿಗೆ ಕಣ್ಣು ತೋರಿಸಲು ಹೋದವರು ಕಾರಿನ ಬಗ್ಗೆ ಬುದ್ಧಿ ಹೇಳಿಸಿಕೊಳ್ಳದೆ ವಾಪಸ್ ಬಂದದ್ದಿಲ್ಲ. ಗಿರಾಕಿ ಗೋಡೆಯ ಮೇಲಿನ ಅಕ್ಷರ ಓದುತ್ತಿರುವಾಗಲೇ, ಹೊರಗೆ ನಿಲ್ಲಿಸಿದ್ದು ನಿಮ್ಮ ಗಾಡಿನಾ ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಆಮೇಲೆ ಅಕ್ಷರ ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಹೊಸ ಮಾಡೆಲ್ ಬಂದ ವರ್ಷ ಅದರ ಹತ್ತಿರವೂ ಸುಳಿಯಬಾರದು, ಅದರ ಹುಳುಕನ್ನೆಲ್ಲ ಮೊದಲು ಊರವರು ಕಂಡುಹಿಡಿಯಲಿ, ನಾವು ಆಮೇಲೆ ಕೊಳ್ಳೋಣ. ಬಣ್ಣ ನೋಡಿ ಗಾಡಿ ಆರಿಸುವವರು ಹೊದಿಕೆ ನೋಡಿ ಹಾಸಿಗೆ ಕೊಳ್ಳುವವರು. ಸ್ವಂತಕ್ಕೆ ಹಳೇ ಗಾಡಿ ಇಟ್ಟುಕೊಂಡು ಇನ್ನೂ ಓಡಿಸುತ್ತಿರುವ ಮೆಕ್ಯಾನಿಕ್ಕನ್ನು ಮಾತ್ರ ನಂಬಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೀಟರ್ ನೋಡಿ ಮೋಸ ಹೋಗಬೇಡಿ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ; ಬಗ್ಗಿ ಪೆಡಲಿನ ರಬ್ಬರು ನೋಡಿ, ಗಾಡಿ ಎಷ್ಟು ದುಡಿದಿದೆ ಅಂತ ಅದು ಹೇಳುತ್ತೆ.

ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಆಟೊಮ್ಯಾಟಿಕ್ ವಿಷಯ, ಅಂದರೆ ತನ್ನಷ್ಟಕ್ಕೆ ತಾನೇ ಗೇರ್ ಬದಲಿಸಿಕೊಳ್ಳುವ ಗಾಡಿಯ ವಿಷಯ ಬಂದರೆ ಅವನ ತಲೆ ಕೆಡುತ್ತಿತ್ತು. ಅದು ಗಾಡಿಯೇ ಅಲ್ಲ, ಚಕ್ರ ಕಟ್ಟಿದ ಸೋಫಾ. ಕ್ಲಚ್ ತುಳಿದು ಗೇರ್ ಹಾಕದವನು ಡ್ರೈವರಲ್ಲ, ಪ್ಯಾಸೆಂಜರ್. ಗೇರಣ್ಣ ಎಂಬ ಹೆಸರು ಬಿದ್ದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೇಲಿದೆ, ಯಾರೂ ಓದುವುದಿಲ್ಲ.

ಅವನ ಹೆಂಡತಿಯನ್ನು ಬೀದಿಯವರೆಲ್ಲ ನರ್ಸಮ್ಮ ಅನ್ನುತ್ತಾರೆ. ಹಾಸಿಗೆ ಹಿಡಿದ ವಯಸ್ಸಾದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು ಅವಳ ಕೆಲಸ; ಯಾರ್ಯಾರ ಮನೆಗೆ ಹೋಗಬೇಕೆಂದು ಆಫೀಸಿನವರು ಹಂಚಿಕೊಡುತ್ತಾರೆ. ಡ್ರೈವಿಂಗ್ ಕಲಿಸಿದ್ದು ಗೇರಣ್ಣನೇ. ಕಾರು ಇಬ್ಬರದೂ ಅನ್ನುವುದು ಹೆಸರಿಗೆ. ಅವನು ಒರೆಸುತ್ತಿದ್ದ, ಅವಳು ಓಡಿಸುತ್ತಿದ್ದಳು. ಹೀಗಿರುವಾಗ ಯಾರದೋ ಮನೆಯ ಮೆಟ್ಟಿಲಿನಲ್ಲಿ ಜಾರಿ ಅವಳ ಎಡಗಾಲಿನ ಪಾದದ ಗಂಟು ಮುರಿಯಿತು. ಒಳಗೆ ಲೋಹದ ಪಟ್ಟಿ ಕೂರಿಸಿ ಹೊಲಿದ ಡಾಕ್ಟರು, ನಡೆದಾಡಬಹುದು, ಆದರೆ ದಿನವಿಡೀ ಕ್ಲಚ್ ತುಳಿಯುವ ಆಸೆ ಬಿಟ್ಟುಬಿಡಿ ಎಂದರು.

ಗೇರಣ್ಣ ಹಿಂದೆಮುಂದೆ ನೋಡಲಿಲ್ಲ. ಅಂಗಡಿಯ ಬಾಗಿಲನ್ನು ಮಧ್ಯಾಹ್ನ ತೆಗೆಯುವುದೆಂದು ಮಾಡಿ, ಬೆಳಗಿನ ಹೊತ್ತು ತಾನೇ ಅವಳ ಡ್ರೈವರಾದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿ. ಪಕ್ಕದಲ್ಲಿ ಹೆಂಡತಿ, ಎದುರಿಗೆ ಊರಿನ ಗಾಡಿಗಳೆಲ್ಲ; ಬಾಯಿಗೆ ಬಿಡುವೇ ಇಲ್ಲ. ಅವಳು ಔಷಧಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೂಂ ಎನ್ನುತ್ತಿದ್ದಳು. ಬರಬರುತ್ತಾ ಆ ಹೂಂ ಕೂಡ ನಿಂತಿತು. ಕಾಲು ನೋಯುತ್ತಿರಬೇಕು ಅಂದುಕೊಂಡ. ಸಂಜೆ ಕಾಲು ಒತ್ತಲೇ ಎಂದು ಕೇಳಿದರೆ ಬೇಡ ಎಂದು ಟೀವಿ ಹಾಕುತ್ತಿದ್ದಳು.

ವಿಷಯ ಗೊತ್ತಾದದ್ದು ನಾದಿನಿಯಿಂದ. ನಾದಿನಿ ಅಂದರೆ ನರ್ಸಮ್ಮನ ತಂಗಿ, ಕೇಕ್ ಮಾಡಿ ಮನೆಗಳಿಗೆ ತಲುಪಿಸುವವಳು. ಅವಳ ಹತ್ತಿರ ಇದ್ದದ್ದು ಆ ಸೋಫಾವೇ. ಶುಕ್ರವಾರ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಅಂಗಡಿಗೆ ಬಂದವಳು ಸ್ಟೂಲಿನ ಮೇಲೆ ಕೂತು, ಅಕ್ಕ ಸೋಮವಾರ ಆಫೀಸಿಗೆ ಫೋನ್ ಮಾಡಿ ಕೆಲಸ ಬಿಡ್ತೀನಿ ಅಂತ ಹೇಳ್ತಾಳಂತೆ, ನಿಮಗೆ ಗೊತ್ತಾ ಎಂದು ಕೇಳಿದಳು. ಗೇರಣ್ಣನ ಬೆರಳಿನಿಂದ ಆ ಪುಟ್ಟ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಹೊತ್ತಿಗೆ ಸರಿಯಾಗಿ ಬಿಡ್ತೀನಿ, ಬಾಗಿಲಲ್ಲೇ ಕಾದಿದ್ದು ಕರ್ಕೊಂಡು ಬರ್ತೀನಿ, ಇನ್ನೇನಾಗಬೇಕಂತೆ ಅವಳಿಗೆ ಎಂದ.

"ಅದೇ ಆಗಿರೋದು ಭಾವ," ಎಂದಳು ನಾದಿನಿ. "ನೀವು ಹೊರಗೆ ಕಾಯ್ತಿದ್ದೀರಾ ಅಂತ ಅಕ್ಕ ಪಟ್ಟಿ ಕಟ್ಟಿದ ತಕ್ಷಣ ಎದ್ದು ಬರ್ತಾಳೆ. ಮೊದಲಾದ್ರೆ ಆ ವಯಸ್ಸಾದವರ ಜೊತೆ ಒಂದು ಗಳಿಗೆ ಕೂತು ಮಾತಾಡ್ತಿದ್ಲು. ಆ ಮನೆಯಿಂದ ಈ ಮನೆಗೆ ಹೋಗೋವಾಗ ಒಬ್ಬಳೇ ಸುಮ್ನೆ ಇರ್ತಿದ್ಲು. ಈಗ ಅಲ್ಲಿ ಮಾತಿಲ್ಲ, ಗಾಡೀಲಿ ಮಾತು ಮುಗಿಯಲ್ಲ."

ನನ್ನ ಗಾಡಿಯಂಥದ್ದು ಒಂದು ತಗೊಳ್ಳಿ ಎಂದೂ ಹೇಳಿದಳು. ಗೇರಣ್ಣನಿಗೆ ಆಗ ಬಾಯಿ ಬಂತು. ಅದರ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಮಾಡುವವನಿಗೆ ಊರೆಲ್ಲ ಅಲೆಯಬೇಕು, ಇಳಿಜಾರಿನಲ್ಲಿ ಅದು ನಮ್ಮ ಮಾತು ಕೇಳಲ್ಲ, ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ ಎಂದು ಒಂದೇ ಉಸಿರಿಗೆ ಒದರುತ್ತಾ, ಬಿದ್ದ ಸ್ಕ್ರೂ ಹೆಕ್ಕಿ ಬಿಗಿಸಿಕೊಟ್ಟ. ನಾದಿನಿ ಕನ್ನಡಕ ಏರಿಸಿಕೊಂಡು, ಅಕ್ಕ ಇಷ್ಟು ವರ್ಷದಲ್ಲಿ ಎಷ್ಟು ಸಲ ಗಾಡಿ ತಳ್ಳಿದ್ದಾಳೆ ಭಾವ ಎಂದು ಕೇಳಿ ಹೊರಟುಹೋದಳು.

ಸಂಜೆ ಮನೆಗೆ ಬಂದವನು ಕಾರಿನ ಒಳಗೆ ಗುಡಿಸಲು ಕೂತ. ಬೇಸರವಾದಾಗ ಅವನು ಮಾಡುವುದೇ ಅದು. ಕಾಲಡಿಯ ಮ್ಯಾಟ್ ಎಳೆಯಲು ಬಗ್ಗಿದಾಗ ಪೆಡಲುಗಳು ಕಣ್ಣಿಗೆ ಬಿದ್ದವು. ಊರವರ ಗಾಡಿಯ ಪೆಡಲನ್ನೆಲ್ಲ ಬಗ್ಗಿ ನೋಡಿದ ಮಹಾನುಭಾವ ಸ್ವಂತ ಗಾಡಿಯದನ್ನು ಯಾವತ್ತೂ ನೋಡಿರಲಿಲ್ಲ. ಬ್ರೇಕಿನ ರಬ್ಬರಿನ ಗೆರೆಗಳು ಇನ್ನೂ ಅಷ್ಟಿಷ್ಟು ಉಳಿದಿದ್ದವು. ಕ್ಲಚ್ಚಿನದು ನುಣ್ಣಗೆ ಸವೆದು ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಅದನ್ನು ಸವೆಸಿದ್ದು ಅವನ ಕಾಲಲ್ಲ. ಒಂದು ಬೀದಿಯಲ್ಲಿ ನಿಲ್ಲು, ಹೊರಡು, ಇನ್ನೊಂದು ಬೀದಿಯಲ್ಲಿ ನಿಲ್ಲು, ಹೊರಡು. ವರ್ಷಗಟ್ಟಲೆ ತುಳಿದದ್ದು ಅವಳ ಎಡಗಾಲು. ಬೇರೆ ಯಾರದಾದರೂ ಗಾಡಿಯಾಗಿದ್ದರೆ, ಸಿಕ್ಕಾಪಟ್ಟೆ ದುಡಿದಿದೆ, ಇನ್ನು ಇದನ್ನು ದುಡಿಸಬೇಡಿ ಎಂದುಬಿಡುತ್ತಿದ್ದ. ಗೇರು ಹೆಚ್ಚೋ ಹೆಂಡತಿ ಹೆಚ್ಚೋ ಎಂದು ಯಾರಾದರೂ ಕೇಳಿದ್ದರೆ ತಟ್ಟನೆ ಉತ್ತರ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ, ಅಷ್ಟೇ.

ಮಾರನೆಯ ಬೆಳಿಗ್ಗೆ ನಾದಿನಿಯ ಮನೆ ಮುಂದೆ ನಿಂತು, ಗಾಡಿ ಒಂದು ಸುತ್ತು ಕೊಡು, ಸುಮ್ಮನೆ ಅದರ ಹುಳುಕು ನೋಡೋಣ ಎಂದ. ಅವಳು ನಗು ಅದುಮಿಕೊಂಡು ಕೀ ಕೊಟ್ಟಳು. ತಲುಪಿಸಬೇಕಾದ ಕೇಕಿನ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು ತಾನು ಅವನ ಪಕ್ಕ ಕೂತಳು. ಎಡಗಾಲನ್ನ ಹಿಂದಕ್ಕೆ ಎಳ್ಕೊಂಡಿರಿ ಭಾವ, ಅದಕ್ಕೆ ಇಲ್ಲಿ ಕೆಲಸ ಇಲ್ಲ ಎಂದಳು. ಗೇರಣ್ಣನಿಗೆ ಗಾಡಿಯ ವಿಷಯ ಹೇಳಿಸಿಕೊಂಡು ಅಭ್ಯಾಸವಿಲ್ಲ. ಮೊದಲ ತಿರುವು ಬಂತು. ಎಡಗಾಲು ಹಳೇ ಚಾಳಿ ಬಿಡದೆ ಮುಂದೆ ಹೋಗಿ, ಕ್ಲಚ್ಚೆಂದು ತಿಳಿದು ಅಗಲವಾದ ಬ್ರೇಕನ್ನು ಬುಡಮಟ್ಟ ತುಳಿಯಿತು. ಗಾಡಿ ನಿಂತಲ್ಲೇ ನಿಂತಿತು. ಕೇಕ್ ನಿಲ್ಲಲಿಲ್ಲ. ಡಬ್ಬಿ ಸಮೇತ ಸೀಟುಗಳ ನಡುವೆ ಹಾರಿಬಂದು, ಮುಚ್ಚಳ ಕಳಚಿ, ಬೇರೆ ಗಾಡಿಗಳಲ್ಲಿ ಗೇರ್ ಹಾಕಲು ಕೈ ಹೋಗುವ ಜಾಗದಲ್ಲಿ ಕೂತಿತು.

ನಾದಿನಿ ಬೈಯಲಿಲ್ಲ; ಬೈದಿದ್ದರೇ ವಾಸಿಯಿತ್ತು. ಕೆನ್ನೆಗೆ ಮೆತ್ತಿದ ಕ್ರೀಮ್ ಒರೆಸಿಕೊಳ್ಳುತ್ತಾ ಬಿದ್ದು ಬಿದ್ದು ನಕ್ಕಳು. ಗೇರಣ್ಣನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ಎಡಗಾಲು ಮಡಿಸಿಕೊಂಡು ಮತ್ತೊಂದು ಸುತ್ತು ಹೋದ. ದಟ್ಟಣೆಯ ರಸ್ತೆಯಲ್ಲಿ ಬ್ರೇಕ್ ಬಿಟ್ಟರೆ ಗಾಡಿ ಮೆಲ್ಲಗೆ ತೆವಳಿತು, ಒತ್ತಿದರೆ ನಿಂತಿತು. ಬಲಗಾಲೊಂದೇ ಸಾಕಾಯಿತು. ವಾಪಸ್ ಬಂದು, ಇದರಲ್ಲಿ ಹುಳುಕಿದೆ, ಆದರೆ ಹೇಳುವಂಥದ್ದೇನಿಲ್ಲ ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆ ದಿನವೂ ಮರುದಿನವೂ ಹಳೇ ಗಾಡಿ ಮಾರುವ ಅಂಗಡಿಗಳನ್ನೆಲ್ಲ ಜಾಲಾಡಿದ. ಎಂದಿನಂತೆ ಬಾಗಿಲು ಹಾಕಿ, ಗಾಡಿ ಗಟ್ಟಿಯಿದೆಯೋ ಎಂದು ಅದರ ಸದ್ದು ಕೇಳಿದ, ಬಗ್ಗಿ ಪೆಡಲು ನೋಡಿದ. ಆಮೇಲೆ ಅಂಗಡಿಯವರು ಬಾಯಿ ಬಿಟ್ಟು ನೋಡುವಂತೆ, ಎಡಗಾಲನ್ನು ನೆಲಕ್ಕೆ ಊರದೆ ಪ್ರತಿ ಗಾಡಿಯನ್ನೂ ಹತ್ತಿ ಇಳಿದ. ಕುಂಟದೆ, ತಡಕಾಡದೆ ಇಳಿಯಲು ಬಂದ ಗಾಡಿಯನ್ನೇ ಆರಿಸಿ, ತನ್ನದನ್ನು ಅಲ್ಲೇ ಬದಲಿಗೆ ಕೊಟ್ಟು ಬಂದ. ಹಿಂತಿರುಗಿ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ನರ್ಸಮ್ಮ ಚೀಲ ಹಿಡಿದು ಹೊರಬಂದಾಗ ಬಾಗಿಲಲ್ಲಿ ಬೇರೆ ಗಾಡಿ ನಿಂತಿತ್ತು. ಗೇರಣ್ಣ ಕೀ ಚಾಚಿದ. ಅವಳು ಕಿಟಕಿಯಿಂದ ಇಣುಕಿ ಎರಡೇ ಪೆಡಲು ಇರುವುದನ್ನು ನೋಡಿದಳು, ಗಂಡನನ್ನು ನೋಡಿದಳು, ಹತ್ತಿ ಕೂತಳು. ಅವನು ಪಕ್ಕದಲ್ಲಿ ಕೂತು, ಎಡಗಾಲು ಹಿಂದಕ್ಕೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಎಡಗಾಲು ಆಗಲೇ ಹಿಂದೆ ಹೋಗಿತ್ತು. ಗಾಡಿ ನೀರಿನಂತೆ ಸಾಗಿತು. ನಿನಗೆ ಇದು ಹೇಗೆ ಬರುತ್ತೆ ಎಂದು ಕೇಳಿದ.

"ತಂಗಿ ಗಾಡೀನ ಎಷ್ಟೋ ಸಲ ಓಡಿಸಿದ್ದೀನಿ," ಎಂದಳು. "ಇಷ್ಟಾನೂ ಆಗಿತ್ತು. ನಿಮ್ಮ ಹತ್ರ ಹೇಳಿದ್ರೆ ಸಂಜೆವರೆಗೂ ಅದರ ಹುಳುಕು ಕೇಳಬೇಕಿತ್ತಲ್ಲ."

ಅವನಿಗೆ ಇದು ಸರಿಯಾಗಿ ತಾಗಿತು. ಬೀದಿಯ ಕೊನೆಯಲ್ಲಿ ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳೀರಿ ಎಂದಳು. ಗೇರಣ್ಣ ಬಾಗಿಲ ಹಿಡಿಗೆ ಕೈ ಹಾಕಿದ. ಇವತ್ತು ಆಫೀಸಿಗೆ ಫೋನ್ ಮಾಡ್ತೀಯಂತೆ ಎಂದು ಮೆಲ್ಲಗೆ ಕೇಳಿದ.

"ಮಾಡ್ತೀನಿ. ನನ್ನ ಮನೆಗಳನ್ನ ಬೇರೆ ಯಾರಿಗೂ ಕೊಡಬೇಡಿ ಅಂತ ಹೇಳ್ತೀನಿ. ನೀವು ಇಳೀರಿ, ನಾನೊಬ್ಬಳೇ ಹೋಗ್ಬೇಕು."

ಗೇರಣ್ಣನಿಗೆ ಹೋದ ಜೀವ ಬಂದಂತಾಯಿತು. ಇಳಿದು ಬಾಗಿಲು ಹಾಕಿದ; ಅದರ ಸದ್ದು ಹೇಗಿತ್ತೆಂದು ಕೇಳಿಸಿಕೊಳ್ಳಲೂ ಇಲ್ಲ. ಅವಳು ಇಂಡಿಕೇಟರ್ ಹಾಕಿ ರಸ್ತೆಗೆ ಇಳಿದಳು. ರಸ್ತೆ ನೆಟ್ಟಗಿತ್ತು, ಆದರೂ ಆ ದೀಪ ಮಿಣಮಿಣ ಅನ್ನುತ್ತಲೇ ಇತ್ತು. ಆರಿಸು ಎಂದು ಕೂಗಲು ಕೈಯೆತ್ತಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಎತ್ತಿದ ಕೈಯನ್ನು ಸುಮ್ಮನೆ ಬೀಸಿದ. ಮುಂದಿನ ತಿರುವಿನಲ್ಲಿ ಅವಳು ಸ್ಟೀರಿಂಗ್ ತಿರುಗಿಸಿದಳು, ದೀಪ ತಾನಾಗಿಯೇ ಆರಿತು.