ಶುಕ್ರವಾರದ ಗಂಬೊ

ಹಿಟ್ಟಿನಲ್ಲಿ ಕರಿಯ ಚುಕ್ಕೆಗಳು ಕಂಡವು.

ಯೂಲಾ ಕೈ ನಿಲ್ಲಿಸಲಿಲ್ಲ. ಕಬ್ಬಿಣದ ಪಾತ್ರೆಯ ತಳವನ್ನು ಮರದ ಸೌಟಿನಿಂದ ಕೆರೆಯುತ್ತಲೇ ಬಗ್ಗಿ ನೋಡಿದಳು. ಎಣ್ಣೆಯಲ್ಲಿ ಹುರಿದ ಹಿಟ್ಟು ಚಾಕೊಲೇಟಿನ ಬಣ್ಣಕ್ಕೆ ಬಂದಿತ್ತು. ಅದರ ಮೇಲೆ ಐದಾರು ಚುಕ್ಕೆ. ಬೆಳಿಗ್ಗೆ ಅದೇ ಎಣ್ಣೆಯಲ್ಲಿ ಖಾರದ ಸಾಸೇಜು ಬಾಡಿಸಿದ್ದಳು. ಚುಕ್ಕೆಗಳು ಮೆಣಸಿನ ಚೂರಿರಬಹುದು. ಸುಟ್ಟ ಹಿಟ್ಟೂ ಇರಬಹುದು. ಮೂಗಿದ್ದವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಹಿಟ್ಟು ಚೂರು ಸುಟ್ಟರೂ ಇಡೀ ಪಾತ್ರೆ ಚೆಲ್ಲಿ ಮೊದಲಿನಿಂದ ಹುರಿಯಬೇಕು. ನ್ಯೂ ಆರ್ಲಿಯನ್ಸಿನಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

ಜನವರಿಯ ಜ್ವರ ಅವಳ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಒಯ್ದಿತ್ತು. ಉಪ್ಪಿನ ರುಚಿಯೊಂದು ತಿರುಗಿ ಬಂತು. ಈಗ ಸೆಪ್ಟೆಂಬರ್. ಯಾರಿಗೂ ಹೇಳಿರಲಿಲ್ಲ.

ಹೇಳದೆ ನಡೆದದ್ದು ಶನಿವಾರದ ದೆಸೆಯಿಂದ. ಹುರಿದ ಹಿಟ್ಟಿನ ಗಟ್ಟಿ ಸಾರು, ಗಂಬೊ, ಆ ಮನೆಯಲ್ಲಿ ಶನಿವಾರದ ಅಡುಗೆ, ಶನಿವಾರ ಅತ್ತೆ ಹಾರ್ಟೆನ್ಸ್ ಮುಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಘಮ ಹದಕ್ಕೆ ಬಂದ ಗಳಿಗೆಯಲ್ಲಿ ಅಲ್ಲಿಂದಲೇ "ಈರುಳ್ಳಿ ಹಾಕು" ಎಂದು ಕೂಗುವುದು ಅವರ ರೂಢಿ. ಯೂಲಾ ಆ ಕೂಗಿಗೆ ಕಾಯುತ್ತಿದ್ದಳು. ಎಂಟು ತಿಂಗಳು ಹಾಗೇ ಕಳೆದಿತ್ತು.

ಇಂದು ಶುಕ್ರವಾರ. ಅತ್ತೆ ಡಯಾಲಿಸಿಸ್‌ಗೆ ಹೋಗಿದ್ದರು. ಹೊರಗಿನಿಂದ ಬರುವವರು ಈ ಊರಿನಲ್ಲಿ ಎಲ್ಲಿ ಏನು ತಿನ್ನಬೇಕೆಂದು ಪುಸ್ತಕ ಬರೆಯುವ ಥೇಯರ್ ಎಂಬ ಒಹಾಯೊದವನಿಗೆ ಇಲ್ಲಿ ಬಂದು ಉಣ್ಣಲು ಬಿಡುವಿದ್ದದ್ದು ಇಂದೇ. ಅವನ ಪುಸ್ತಕದಲ್ಲಿ ಹೆಸರು ಬಂದರೆ ಹೋಟೆಲುಗಳಲ್ಲಿ ಇಳಿದ ಪ್ರವಾಸಿಗಳು ಬರುತ್ತಾರೆ, ಮುಂದಿನ ಕೋಣೆಯಲ್ಲಿ ಊಟ ಹಾಕುವ ಆರು ಮೇಜುಗಳು ಉಳಿಯುತ್ತವೆ. ಬರದಿದ್ದರೆ ಅತ್ತೆಯ ತಂಗಿಯ ಮಗಳು ಡೆಲ್ಫೀನ್ ಕಾಯುತ್ತಿದ್ದಾಳೆ. ಊಟ ಹಾಕುವುದನ್ನು ಬಿಟ್ಟು ಮನೆಯನ್ನು ಪ್ರವಾಸಿಗಳಿಗೆ ವಾರದ ಬಾಡಿಗೆಗೆ ಕೊಡೋಣ ಎನ್ನುವವಳು ಅವಳು. ಎರಡು ವರ್ಷದ ಹಿಂದೆ ಗಂಡ ರೆನಾರ್ ಸತ್ತಾಗ, ಮಣ್ಣು ಮಾಡಿ ಬಂದ ಸಂಜೆಯೇ, ಯೂಲಾ ಇನ್ನು ಯಾವ ಊರಿಗೆ ಹೋಗುತ್ತಾಳೆ ಎಂದು ಕೇಳಿದವಳೂ ಅವಳೇ. ಅದಕ್ಕೆ ಅತ್ತೆ ಕೊಟ್ಟ ಉತ್ತರದ ಮೇಲೆ ಯೂಲಾ ಈ ಮನೆಯಲ್ಲಿದ್ದಳು: "ನನ್ನ ಒಲೆ ಯಾರ ಕೈಯಲ್ಲಿದೆಯೋ ಮನೆ ಅವರದು."

ಹತ್ತೂಕಾಲಾಗಿತ್ತು. ಇನ್ನೊಮ್ಮೆ ಹುರಿಯಬಹುದು. ಆದರೆ ಮತ್ತೆ ಹುರಿಯುವುದೂ ಇದೇ ಎಣ್ಣೆಯಲ್ಲಿ, ನೋಡುವುದೂ ಇದೇ ಕಣ್ಣಿನಲ್ಲಿ.

ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಬಡಗಿ ಆಲ್ಸಿಡ್, ಹೆಂಡತಿ ಸತ್ತ ಮೇಲೆ ಕಾಫಿಗೂ ಇಲ್ಲಿಗೇ ಬರುವ ಮುದುಕ. ಶೀಶೆಯ ಮುಚ್ಚಳ ಬಿಗಿಯಾಗಿದೆ ಎಂದು ಯೂಲಾ ಅವನನ್ನು ಒಳಗೆ ಕರೆದಳು. ಅವನು ಮುಚ್ಚಳ ತಿರುಗಿಸಿಕೊಟ್ಟು ಒಲೆಯ ಕಡೆ ನೋಡಿದ.

"ಶುಕ್ರವಾರವೇ ಗಂಬೊನಾ, ತಾಯೀ?"

"ಹೂಂ. ಘಮ ಹೇಗಿದೆ, ಆಲ್ಸಿಡ್ ಮಾಮಾ?"

ಅವನು ಅವಳ ಮುಖ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನಿನ್ನ ಕೈ ಅಂದ್ಮೇಲೆ ನಾನು ಹೇಳೋದೇನಿದೆ," ಎಂದು ಹೊರಗೆ ಹೋದ.

ಅಡುಗೆಯವಳ ಎದುರಿಗೇ ಅವಳ ಅಡುಗೆಯನ್ನು ಆಡಿಕೊಳ್ಳುವವರು ಆ ಕೇರಿಯಲ್ಲಿ ಇರಲಿಲ್ಲ. ಅದು ಯೂಲಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಹಿಡಿದುಕೊಂಡಳು. ಹಿಡಿದುಕೊಳ್ಳಲು ಬೇರೇನಿರಲಿಲ್ಲ. ಹೆಚ್ಚಿದ ಈರುಳ್ಳಿ ಪಾತ್ರೆಗೆ ಬಿತ್ತು.

ಥೇಯರ್ ಹನ್ನೆರಡಕ್ಕೆ ಬಂದ. ತೆಳ್ಳಗಿನ, ಮರ್ಯಾದಸ್ತ ಮನುಷ್ಯ. ಬಟ್ಟಲು ಮುಂದಿಟ್ಟುಕೊಂಡು ಅಕ್ಕಪಕ್ಕದ ಮೇಜಿನವರನ್ನೇ ಕೇಳತೊಡಗಿದ: ಹೊಸಬರು ಈ ಊರಿಗೆ ಬಂದರೆ ಎಲ್ಲಿ ತಿನ್ನಬೇಕು? ಆ ಊರಿನಲ್ಲಿ ಹಾಗೆ ಕೇಳಿದರೆ ಮಧ್ಯಾಹ್ನ ಮುಗಿಯುವುದಿಲ್ಲ. ಅಂಚೆ ಹಂಚುವ ಬರ್ನಡೀನ್, ಸೋಮವಾರ ಕೆಂಪು ಬೀನ್ಸು-ಅನ್ನ ಬಿಟ್ಟು ಬೇರೇನಾದರೂ ತಿಂದವನನ್ನು ಸಂತರೂ ಕಾಪಾಡುವುದಿಲ್ಲ ಎಂದಳು. ಆಲ್ಸಿಡ್ ಕಾಲುವೆಯ ಆಚೆಯ ಅಂಗಡಿಯೊಂದನ್ನು ಹೊಗಳಿದ. ಕರಿದ ಸಿಂಪಿಯ ಮಾಂಸ ತುಂಬಿದ ಬ್ರೆಡ್ಡು ಅಲ್ಲೇ ಆಗಬೇಕಂತೆ.

"ಕಚ್ಚಿದ್ರೆ ಬ್ರೆಡ್ಡು ವಸಡು ಕೊಯ್ಬೇಕು ಸಾರ್. ಇಲ್ಲಾಂದ್ರೆ ಅದು ಬ್ರೆಡ್ಡೇ ಅಲ್ಲ."

"ಕಟ್ಟಿಸಿಕೊಂಡ ಹಲ್ಲು, ಬ್ರೆಡ್ಡಿನ ಮಾತು ನೋಡಿ," ಎಂದಳು ಬರ್ನಡೀನ್.

ಥೇಯರ್ ನಗುತ್ತ ಬರೆದುಕೊಂಡ. "ಸರಿ. ಗಂಬೊಗೆ?"

ಬರ್ನಡೀನ್ ಚೀಲದೊಳಗೆ ಏನನ್ನೋ ಹುಡುಕಿದಳು.

"ನಾನಿಲ್ಲಿ ಮೂವತ್ತು ವರ್ಷದಿಂದ ಬರ್ತಿದ್ದೀನಿ ಸಾರ್," ಎಂದು ಆಲ್ಸಿಡ್ ಬ್ರೆಡ್ಡಿನ ಚೂರು ಬಾಯಿಗಿಟ್ಟುಕೊಂಡ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯೂಲಾ ಬಟ್ಟಲುಗಳನ್ನು ನೋಡಿದಳು. ಆಲೂಗಡ್ಡೆ ಸಲಾಡು ಖಾಲಿ. ಅನ್ನವನ್ನು ಬಳಿದು ತಿಂದಿದ್ದರು, ಸಾಸೇಜನ್ನು ಆರಿಸಿ ತಿಂದಿದ್ದರು. ಕಂದು ಸಾರು ಹಾಗೇ ನಿಂತಿತ್ತು, ಎಲ್ಲರ ಬಟ್ಟಲಿನಲ್ಲೂ.

ಥೇಯರನ ಬಟ್ಟಲು ಮಾತ್ರ ಬರಿದಾಗಿತ್ತು. ಇಂಥ ಗಾಢವಾದ, ಹೊಗೆ ಹಿಡಿದಂಥ ರುಚಿಯನ್ನು ತಾನು ಎಲ್ಲೂ ಕಂಡಿಲ್ಲವೆಂದ. ಪುಸ್ತಕದಲ್ಲಿ ಇದನ್ನೇ ಮೊದಲಿಗೆ ಹಾಕುತ್ತೇನೆ ಎಂದ. ಇನ್ನೊಂದು ಬಟ್ಟಲು ಸಿಗಬಹುದೇ ಎಂದು ಕೇಳಿದ.

ಯೂಲಾ ಗಡಿಯಾರ ನೋಡಿದಳು. ಹನ್ನೆರಡೂ ಮುಕ್ಕಾಲು. ಅತ್ತೆಯನ್ನು ಕರೆತರುವ ವ್ಯಾನು ಒಂದಕ್ಕೆ ಮೊದಲು ಎಂದೂ ಬಂದಿಲ್ಲ. ಹದಿನೈದು ನಿಮಿಷ. ಇವನು ತಿಂದು, ಬರೆದು, ಎದ್ದು ಹೋದರೆ ಸಾಕು. ಮೂಲೆ ತಿರುಗಿದರೆ ಸಾಕು. ಆಮೇಲೆ ಏನಾದರೂ ಆಗಲಿ. ಅವಳು ಒಳಗೆ ಹೋಗಿ, ಹಿಟ್ಟು ಸುಟ್ಟದ್ದು ಗೊತ್ತಿದ್ದೂ ಇನ್ನೊಂದು ಬಟ್ಟಲು ತುಂಬಿದಳು. ತಂದು ಅವನ ಮುಂದಿಟ್ಟಾಗ ಬರ್ನಡೀನ್ ತಲೆ ಎತ್ತಿ ಅವಳನ್ನೇ ನೋಡಿದಳು.

ವ್ಯಾನು ಬೇಗ ಬಂತು.

ಹಾರ್ಟೆನ್ಸ್ ಜಗುಲಿಯ ಮೆಟ್ಟಿಲು ಹತ್ತಿ ಜಾಲರಿ ಬಾಗಿಲ ಹೊರಗೇ ನಿಂತುಬಿಟ್ಟರು. ಬಾಗಿಲು ತಳ್ಳಲು ಚಾಚಿದ ಕೈ ಹಾಗೇ ಇತ್ತು. ಜಾಲರಿಯಾಚೆಯಿಂದ ಅವರ ಕಣ್ಣು ಯೂಲಾಳನ್ನು ಹುಡುಕಿತು. ಆಮೇಲೆ ಒಳಗೆ ಬಂದರು. ಯಾರನ್ನೂ ಮಾತಾಡಿಸದೆ ಮೇಜಿನಿಂದ ಮೇಜಿಗೆ ಹೋಗಿ, ಬ್ಯಾಂಡೇಜು ಸುತ್ತಿದ ಎಡಗೈಯನ್ನು ಎದೆಗೊತ್ತಿಕೊಂಡು, ಬಲಗೈಯಲ್ಲಿ ಒಂದೊಂದೇ ಬಟ್ಟಲು ಎತ್ತಿ ಬದಿಯ ಕಟ್ಟೆಯ ಮೇಲೆ ಇಟ್ಟರು. ಕೊನೆಗೆ ಥೇಯರನ ಬಟ್ಟಲನ್ನೂ.

ತಾನಿನ್ನೂ ಮುಗಿಸಿಲ್ಲ, ತುಂಬ ಚೆನ್ನಾಗಿದೆ ಎಂದು ಅವನು ಗಾಬರಿಯಿಂದ ಹೇಳಿದ.

"ನಿನಗೆ ಗೊತ್ತಾಗಲ್ಲ ಮಗಾ, ನಿನ್ನ ತಪ್ಪಲ್ಲ," ಎಂದರು ಹಾರ್ಟೆನ್ಸ್. "ಇದು ನಮ್ಮ ಮನೇದಲ್ಲ. ಬರಿಬೇಡ."

ಅವನು ಪುಸ್ತಕ ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಕೋಣೆ ಖಾಲಿಯಾಯಿತು. ಆಲ್ಸಿಡ್ ಹೋಗುವಾಗ ಟೋಪಿಯನ್ನು ಕೈಯಲ್ಲೇ ಹಿಡಿದಿದ್ದ.

ಅಡುಗೆಮನೆಯಲ್ಲಿ ಹಾರ್ಟೆನ್ಸ್ ಸ್ಟೂಲಿನ ಮೇಲೆ ಕೂತರು. ಅವರ ಮುಖ ಡಯಾಲಿಸಿಸ್ ಮುಗಿದ ದಿನದ ಬೂದಿ ಬಣ್ಣಕ್ಕೆ ತಿರುಗಿತ್ತು.

"ಯಾವಾಗಿಂದ?"

"ಜನವರಿಯಿಂದ."

ಅವರು ಲೆಕ್ಕ ಹಾಕುತ್ತಿರುವುದು ಕಂಡಿತು. ಬೈಗುಳಕ್ಕೆ ಯೂಲಾ ಸಿದ್ಧಳಿದ್ದಳು. ಡೆಲ್ಫೀನಳ ಹೆಸರಿಗೆ ಸಿದ್ಧಳಿದ್ದಳು. ಅವರು ಕೇಳಿದ್ದು ಬೇರೆ.

"ಅವನ ಅಂಗಿ?"

ರೆನಾರ್ ಕೊನೆಯ ದಿನ ತೊಟ್ಟ ಅಂಗಿ ಯೂಲಾಳ ಬೀರುವಿನಲ್ಲಿ, ಬಾಯಿ ಕಟ್ಟಿದ ಚೀಲದೊಳಗೆ ಒಗೆಯದೆ ಇತ್ತು. ಭಾನುವಾರ ಚರ್ಚಿನಿಂದ ಬಂದ ಮೇಲೆ ಇಬ್ಬರೂ ಚೀಲ ಬಿಚ್ಚಿ, ಒಬ್ಬರಾದ ಮೇಲೆ ಒಬ್ಬರು ಅದಕ್ಕೆ ಮುಖ ಒತ್ತಿಕೊಳ್ಳುತ್ತಿದ್ದರು. ಮೊದಲು ತಾಯಿ, ಆಮೇಲೆ ಹೆಂಡತಿ.

"ನನಗದು ಬರೀ ಬಟ್ಟೆ, ಅತ್ತೆ," ಎಂದಳು ಯೂಲಾ. "ನೀವು ಒತ್ತಿಕೊಂಡಷ್ಟು ಹೊತ್ತು ನಾನೂ ಒತ್ತಿಕೊಳ್ತಿದ್ದೆ."

ಹಾರ್ಟೆನ್ಸ್ ಎದ್ದು, ಪಾತ್ರೆಯ ಒಂದು ಹಿಡಿಗೆ ಬಟ್ಟೆ ಸುತ್ತಿ ಬಲಗೈ ಹಾಕಿದರು.

"ಆ ಕಡೆ ಹಿಡಿ."

ಪಾತ್ರೆ ಭಾರವಿತ್ತು. ಹಿಂದಿನ ಮೂರು ಮೆಟ್ಟಿಲನ್ನು ಒಂದೊಂದಾಗಿ, ಒಬ್ಬರ ಪಾದವನ್ನು ಒಬ್ಬರು ನೋಡುತ್ತ ಇಳಿದರು. ಅಂಜೂರದ ಮರದಾಚೆ, ಬೇಲಿಯ ಬುಡದಲ್ಲಿ ನಿಂತರು. ಸಾರು ಅಂಚಿನವರೆಗೂ ತುಳುಕಿ ನಿಧಾನವಾಗಿ ನೆಲೆನಿಂತಿತು. ಚೆಲ್ಲಲು ಮೊದಲು ಯಾರು ಬಗ್ಗಿಸಬೇಕೆಂದು ತಿಳಿಯದವರಂತೆ ಇಬ್ಬರೂ ಪಾತ್ರೆಯನ್ನು ನಡುವೆ ಹಿಡಿದುಕೊಂಡೇ ನಿಂತಿದ್ದರು.