ಹಣೆಯಷ್ಟೇ ಕಾಣುತ್ತಿದ್ದ ಕನ್ನಡಿ

ಬಚ್ಚಲುಮನೆಯ ಗೋಡೆಗೆ ಆ ದೊಡ್ಡ ಕನ್ನಡಿಯನ್ನು ಯಜಮಾನರು ತಮ್ಮ ಎತ್ತರ ನೋಡಿಕೊಂಡು, ಧಾರಾಳವಾಗಿ ಅಂಟು ಬಳಿದು ಕೂರಿಸಿದ್ದರು. ಅಂದಿನಿಂದ ಅವರ ಹೆಂಡತಿಗೆ ಅದರಲ್ಲಿ ಹಣೆ ಮಾತ್ರ ಕಾಣುತ್ತಿತ್ತು. ತವರಿನಿಂದ ತಂದ ಆ ಕನ್ನಡಿ ಒಡೆಯದೆ ಕೆಳಗಿಳಿಯಬೇಕೆಂದು ಆಕೆ ಕೊನೆಗೂ ಹಟ ಹಿಡಿದರು.

ಇಬ್ಬರೂ ದಪ್ಪ ಕೈಗವಸು, ಕನ್ನಡಕ ತೊಟ್ಟರು. ಒಡೆದರೂ ಚೂರು ಸಿಡಿಯದಂತೆ ಗಾಜಿನ ತುಂಬ ಟೇಪು ಹಚ್ಚಿ, ಕೆಳಗಿನಿಂದ ಹಲಗೆಯ ಆಸರೆ ಕೊಟ್ಟು, ಬಿಸಿಗಾಳಿಯಿಂದ ಅಂಟನ್ನು ಮೆದುಗೊಳಿಸಿದರು. ಬಳಿಕ ಕನ್ನಡಿಯ ಹಿಂದೆ ತೆಳುವಾದ ಉಕ್ಕಿನ ತಂತಿ ತೂರಿಸಿ, ಆ ಕಡೆ ಈ ಕಡೆ ನಿಂತು ಅಂಟನ್ನು ಮೇಲಿನಿಂದ ಕೆಳಕ್ಕೆ ಗರಗಸದಂತೆ ಕೊಯ್ಯತೊಡಗಿದರು. ತಂತಿ ಅರ್ಧ ಇಳಿದಾಗ, ಕನ್ನಡಿ ಮುಂದಕ್ಕೆ ವಾಲೀತೆಂಬ ಭಯದಿಂದ ಯಜಮಾನರು ಅದರ ಮೇಲಂಚನ್ನು ಗೋಡೆಗೆ ಟೇಪಿನಿಂದ ಬಿಗಿದರು.

ತಂತಿ ಕೆಳಗೆ ಹೊರಬಂದರೂ ಕನ್ನಡಿ ಮಿಸುಕಲಿಲ್ಲ.

"ನೋಡಿದ್ಯಾ, ನಾನು ಹಾಕಿದ ಅಂಟು ಅಂದ್ರೆ ಹೀಗೆ," ಎಂದು ಬೀಗುತ್ತ ಯಜಮಾನರು ಉಳಿಯಿಂದ ಮೀಟಲು ಹೊರಟರು.

"ರೀ, ಸ್ವಲ್ಪ ತಡೀರಿ. ತಂತಿ ಪೂರ್ತಿ ಬಂತು, ಇನ್ನು ಅಂಟೆಲ್ಲಿ ಉಳೀತು? ಮೇಲೆ ಟೇಪು ಹಚ್ಚಿದ್ದು ಯಾರು?"

ಯಜಮಾನರು ಉಳಿಯನ್ನು ಕೆಳಗಿಟ್ಟರು. ಇಬ್ಬರೂ ಕನ್ನಡಿಯನ್ನು ಹಿಡಿದುಕೊಂಡು ಮೇಲಂಚಿನ ಟೇಪು ಸುಲಿದರು. ಅದು ಇಡಿಯಾಗಿ ಕೈಗೆ ಬಂತು.

ಮರುದಿನ ಬೆಳಿಗ್ಗೆ, ಹೆಂಡತಿಯ ಎತ್ತರಕ್ಕೆ ಮತ್ತೆ ಕೂರಿಸಿದ್ದ ಕನ್ನಡಿಯ ಮುಂದೆ ಯಜಮಾನರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಗೊಣಗಿದರು: "ಮುಖ ಕಾಣೋಕೆ ಬಗ್ಗಬೇಕಲ್ಲೇ."

"ಬಗ್ಗಿ. ಇಷ್ಟು ವರ್ಷ ನಾನು ಎಗರಿ ಎಗರಿ ನೋಡ್ಕೊಂಡಿಲ್ವಾ?" ಎಂದು ಆಕೆ ಅವರ ಪಕ್ಕದಲ್ಲೇ ನಿಂತು, ನಿಧಾನವಾಗಿ ತಲೆ ಬಾಚಿಕೊಂಡರು.