ಕೂತು ನೋಡಬೇಕಾದ ಮಳೆಕೋಟು

ಮೂರು ವಾರದಿಂದ ಬಿಟ್ಟೂಬಿಡದೆ ಮಳೆ. ಬೆಳಗಿನ ಜಾವ ಹೊಳೆಗೆ ಹೋಗಿ, ಬಲೆ ಎಳೆದು, ಸಿಕ್ಕಷ್ಟು ಮೀನು ಮಾರಿ, ಅದೇ ದಣಿವಿನಲ್ಲಿ ನಾವು ಗಂಡ-ಹೆಂಡತಿ ಇಬ್ಬರೂ ಬಲೆ ಅಂಗಡಿಗೆ ಬಂದಿದ್ದೆವು. ನನಗೆ ನಿಂತಲ್ಲೇ ನಿದ್ದೆ ಬರುತ್ತಿತ್ತು. ಆದರೂ ಆ ದಿನ ಇವರಿಗೊಂದು ಮಳೆಕೋಟು ಕೊಡಿಸದೆ ಮನೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದೆ. ಹಳೆಯ ಕೋಟು ಭುಜದ ಹೊಲಿಗೆಯಲ್ಲಿ ಸೋರುತ್ತಿತ್ತು. ಇವರ ಕೆಮ್ಮಿಗೆ, ಜ್ವರಕ್ಕೆ, ದೋಣಿ ದಿನೇ ದಿನೇ ನಿಧಾನವಾಗುತ್ತಿದ್ದುದಕ್ಕೆ ಎಲ್ಲಕ್ಕೂ ಅದೇ ಕಾರಣ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಡಾಕ್ಟರು ನೆನೆಯಬೇಡಿ ಎಂದಿದ್ದರಲ್ಲ. ನೆನೆಯದಿದ್ದರೆ ಆಯಿತು, ಇನ್ನೂ ಹತ್ತು ವರ್ಷ ಒಂದೇ ದೋಣಿಯಲ್ಲಿ ಹೋಗುತ್ತೇವೆ. ನನಗೆ ಬೇಕಾದದ್ದು ಅಷ್ಟೇ.

ಅಂಗಡಿಯವನು ಮೂರು ಕೋಟು ತೆಗೆದು ಗಲ್ಲಾ ಮೇಜಿನ ಮೇಲೆ ಹರಡಿದ. ಒಂದು ತೆಳು ಪ್ಲಾಸ್ಟಿಕ್ಕಿನದು, ಮೀನಿನ ಮುಳ್ಳು ತಾಗಿದರೆ ಸಾಕು, ಕಥೆ ಮುಗಿಯಿತು. ಇನ್ನೊಂದರ ಬೆಲೆ ಕೇಳಿಯೇ ಇವರು ಎರಡು ಹೆಜ್ಜೆ ಹಿಂದೆ ಸರಿದರು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ. ನಮ್ಮ ದೋಣಿ ಮಾರಿದ್ರೂ ಇಷ್ಟು ಬರಲ್ಲ."

"ಹಂಗಾದ್ರೆ ಮಧ್ಯದ್ದು ನೋಡಿ ಅಣ್ಣಾ. ಕೈಗೆಟಕೋ ರೇಟು, ಬಾಳಿಕೆನೂ ಬರುತ್ತೆ."

ನಾನು ಮಧ್ಯದ ಕೋಟನ್ನು ಒಳಹೊರಗು ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದೆ. ಪ್ರತಿ ಹೊಲಿಗೆಯ ಮೇಲೂ ಪಟ್ಟಿ ಅಂಟಿಸಿದ್ದರು. ಜಿಪ್ಪಿನ ಮೇಲೆ ಮುಚ್ಚಲು ಅಗಲವಾದ ಮಡಿಕೆಯೂ ಇತ್ತು. ಪರವಾಗಿಲ್ಲ ಅನ್ನಿಸಿತು. ಇವರು ಹಾಕಿಕೊಂಡು ಕನ್ನಡಿ ಮುಂದೆ ಹೋಗಿ ಎದೆ ಉಬ್ಬಿಸಿ ನಿಂತರು.

"ಚೆನ್ನಾಗಿದೆ. ಕಟ್ಟಿಸು."

"ಹೆಣ್ಣು ನೋಡೋಕೆ ಹೋಗ್ತಿದ್ದೀರಾ, ನಿಂತ್ಕೊಂಡು ನೋಡೋಕೆ? ದೋಣೀಲಿ ಕೂರೋರು ನೀವು. ಕೂತು ನೋಡಿ," ಎಂದೆ.

ನಮ್ಮಲ್ಲಿ ಮಳೆಕೋಟು ಆರಿಸುವುದೇ ಹಾಗೆ. ನಿಂತಾಗ ಯಾವ ಕೋಟಾದರೂ ಚಂದ. ಕೂತು ಕೈ ಚಾಚಿದಾಗ ತೋಳು ಮೊಣಕೈಗೆ ಏರುತ್ತದೆಯೋ, ಬಗ್ಗಿದಾಗ ಸೊಂಟ ಬರಿದಾಗುತ್ತದೆಯೋ ನೋಡಬೇಕು. ಅಂಗಡಿಯವನು ಮೀನಿನ ಕ್ರೇಟೊಂದನ್ನು ಬೋರಲು ಹಾಕಿ, ಎರಡು ಪೊರಕೆ ಕೋಲು ತಂದುಕೊಟ್ಟ. ಇವರು ಗೊಣಗುತ್ತಲೇ ನನ್ನ ಕಡೆ ಮುಖ ಮಾಡಿ ಕೂತು ಕೋಲನ್ನು ಹುಟ್ಟಿನಂತೆ ಎಳೆಯತೊಡಗಿದರು.

ಕೋಟು ಒಂದಿಂಚೂ ಮೇಲೇರಲಿಲ್ಲ. ಹತ್ತು ಎಳೆತಕ್ಕೆ ಇವರೇ ಎಳೆಯುವುದನ್ನು ನಿಲ್ಲಿಸಿದರು.

"ಇದು ಭಾರ ಕಣೇ. ತೋಳು ಎತ್ತೋಕೇ ಆಗ್ತಿಲ್ಲ."

ಅಂಗಡಿಯವನು ಅದಕ್ಕಿಂತ ಹಗುರದ್ದೊಂದು ತಂದ. ಎಂಟು ಎಳೆತ.

"ಇದ್ರಲ್ಲಿ ಸೆಕೆ. ಗಾಳೀನೇ ಆಡಲ್ಲ."

"ಅಂಗಡಿ ಪೂರ್ತಿ ಹಾಕ್ಕೊಂಡ್ರೂ ನಿಮಗೊಂದು ಕೊಂಕು ಸಿಗುತ್ತೆ ಬಿಡಿ," ಎಂದು ನಾನು ರೇಗಿದೆ. ದಣಿವಿನಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಯವನು ತೆಳು ಪ್ಲಾಸ್ಟಿಕ್ಕಿನದನ್ನೇ ಕೊಟ್ಟ. ಅದಕ್ಕೆ ಭಾರವೂ ಇಲ್ಲ, ಬಿಗಿಯೂ ಇಲ್ಲ. ಆರನೆಯ ಎಳೆತಕ್ಕೆ ಇವರ ಬಾಯಿ ತೆರೆದುಕೊಂಡಿತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕತ್ತಿನ ನರ ಎದ್ದು ನಿಂತಿತ್ತು.

ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ನಾನು ಅವರ ಹಿಂದೆ, ದೋಣಿಯ ಮೂತಿಯಲ್ಲಿ ನಿಂತು ಬಲೆ ಎಳೆಯುವವಳು. ಇಪ್ಪತ್ತೆರಡು ವರ್ಷ ನಾನು ನೋಡಿದ್ದು ಇವರ ಬೆನ್ನನ್ನು ಮಾತ್ರ. ಹುಟ್ಟು ಹಾಕುವಾಗ ಇವರ ಮುಖ ಹೇಗಾಗುತ್ತದೆಂದು ಆ ಅಂಗಡಿಯಲ್ಲೇ ಮೊದಲು ಕಂಡದ್ದು. ನಾಚಿಕೆಯಾಯಿತು, ಭಯವಾಯಿತು. ಇಷ್ಟು ದಿನ "ಬೇಗ ಎಳೀರಿ, ನಿದ್ದೆ ಮಾಡ್ತಿದ್ದೀರಾ?" ಎಂದು ಇದೇ ಮನುಷ್ಯನನ್ನು ಹಿಂದಿನಿಂದ ಬೈದಿದ್ದೇನೆ.

ಇವರು ಕೋಲನ್ನು ಮೆಲ್ಲಗೆ ಕೆಳಗಿಟ್ಟರು. ಉಸಿರು ಹದಕ್ಕೆ ಬರುವ ತನಕ ನೆಲ ನೋಡಿದರು. ಆಮೇಲೆ ಅಂಗಡಿಯವನನ್ನು ಕೇಳಿದರು.

"ಆ ಮಧ್ಯದ ಕೋಟು ಇವಳ ಅಳತೇದು ಇದ್ಯಾ?"

"ನನಗ್ಯಾಕೆ? ಕೋಟು ನಿಮಗೆ," ಎಂದೆ.

"ಕೂತ್ಕೋ."

"ರೀ, ಡಾಕ್ಟರ ಹತ್ರ ಇನ್ನೊಂದ್ಸಲ ಹೋಗೋಣ. ಬೇರೆ ಔಷಧಿ ಕೊಡ್ತಾರೆ."

"ಹೋಗೋಣ. ಮೀನು ಅಲ್ಲೀವರೆಗೂ ಕಾಯ್ತವಾ? ಕೂತ್ಕೋ ಮಾರಾಯ್ತಿ."

ಅಂಗಡಿಯವನು ನನ್ನ ಅಳತೆಯದನ್ನು ತಂದುಕೊಟ್ಟ. ಕೋಟು ಹಾಕಿಕೊಂಡು ಕ್ರೇಟಿನ ಮೇಲೆ ಕೂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹುಟ್ಟು ಕೇಳಿದ್ದಕ್ಕೆ, "ನಿನ್ನ ಕೈಗೆ ಕೊಟ್ರೆ ದೋಣಿ ಗಾಣದ ಎತ್ತಿನ ಥರ ಸುತ್ತುತ್ತೆ" ಎಂದು ನಕ್ಕಿದ್ದರು. ಮತ್ತೆ ನಾನು ಕೇಳಿರಲಿಲ್ಲ. ಈಗ ಅವರೇ ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಮುಂಗೈ ಹಿಡಿದು ತಿದ್ದಿದರು.

"ತೋಳಲ್ಲಿ ಎಳೀಬೇಡ. ಸೊಂಟದಿಂದ ಎಳಿ. ಸೇತುವೆ ಕಂಬದ ಹತ್ರ ಸುಳಿ ಇರುತ್ತೆ, ಅಲ್ಲಿ ಎಡಗೈ ಹುಟ್ಟು ಮೇಲೆತ್ತಿಬಿಡು."

ನಾನು ಎಳೆದೆ. ಅವರು ಒಂದು, ಎರಡು ಎಂದು ಎಣಿಸಿದರು. ನಲವತ್ತಾಯಿತು. ನನಗೆ ಉಸಿರು ಕಟ್ಟಲಿಲ್ಲ. ನನಗೂ ಕಟ್ಟಬಾರದೇ ಎನ್ನಿಸಿತು, ದೇವರಾಣೆ. ಅವರು ಎದ್ದು ಕೋಟಿನ ಟೊಪ್ಪಿಯನ್ನು ನನ್ನ ತಲೆಗೇರಿಸಿ, ಒಂದು ಚೊಂಬು ನೀರು ತರಿಸಿ ಕತ್ತಿನ ಹಿಂದೆ ಸುರಿದರು. ಒಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡಿದರು.

"ಒಳಗೆ ನೀರು ಇಳಿದಿಲ್ಲ. ಇದೇ ಇರಲಿ."

"ಬಲೆ ಯಾರು ಎಳೀತಾರೆ?" ಎಂದೆ.

"ನನ್ನ ತಂಗೀನ ಕರ್ಕೋ. ಮನೇಲಿ ಕೂತು ಸುಮ್ನೆ ದಪ್ಪ ಆಗ್ತಿದ್ದಾಳೆ."

ಹಣ ಕೊಡುವಾಗ ಅಂಗಡಿಯವನು ಕೇಳದೆಯೇ ಸ್ವಲ್ಪ ಬಿಟ್ಟುಕೊಟ್ಟ. ಕವರಿಗೆ ಹಾಕಲೇ ಅಕ್ಕಾ ಎಂದ. "ಬೇಡಪ್ಪ, ಹಾಕ್ಕೊಂಡೇ ಬರ್ತಾಳೆ," ಎಂದು ಇವರೇ ಹೇಳಿದರು.

ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. ಇವರು ಕೊಡೆ ಹಿಡಿದು ನಡೆದರು, ನಾನು ಪಕ್ಕದಲ್ಲಿ. ಏರು ಶುರುವಾಗುವಲ್ಲಿ ಕೊಡೆ ಸರಿಮಾಡುವ ನೆಪದಲ್ಲಿ ನಿಂತರು. ನಾನೂ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ. ಟೊಪ್ಪಿಯೊಳಗೆ ಕಣ್ಣು ತುಂಬಿ ಬಂದದ್ದು ಅವರಿಗೆ ಕಾಣದಿರಲಿ ಎಂದು ತುಸು ಹೊತ್ತು ಹಾಗೆಯೇ ಇದ್ದೆ.

"ನಾಳೆ ಎಷ್ಟು ಗಂಟೆಗೆ ಹೊರಡ್ತೀಯ?" ಎಂದರು.

"ಐದಕ್ಕೆ."

"ಹಂಗಾದ್ರೆ ನಾನು ನಾಲ್ಕಕ್ಕೆ ಏಳ್ತೀನಿ. ಬುತ್ತಿ ಕಟ್ಟಬೇಕಲ್ಲ. ಅನ್ನಕ್ಕೆ ನೀರು ಎಷ್ಟು ಇಡ್ತಾರೆ, ಸ್ವಲ್ಪ ಹೇಳು."